ಮಕ್ಕಳ ಟೈಪ್ 1 ಮಧುಮೇಹದ ನೆಟ್‌ವರ್ಕ್: ಕುಟುಂಬದ ಇತಿಹಾಸಕ್ಕೂ ಎಚ್‌ಎಲ್‌ಎಗೂ ತಲೆಕೆಳಗಾದ ಸಂಬಂಧ ಬರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಟೈಪ್ 1 ಮಧುಮೇಹದ ಕಾರಣಗಳನ್ನು ಹುಡುಕುವ ಟೆಡ್ಡಿ ಅಧ್ಯಯನದ ಸೇರ್ಪಡೆ ನಿಯಮಗಳನ್ನೇ ಅನುಸರಿಸಿ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಅಭ್ಯಾಸದ ದತ್ತಾಂಶದ ಮೇಲೆ, ಆರ್ ಭಾಷೆಯ ಬಿಎನ್‌ಲರ್ನ್ ಪ್ಯಾಕೇಜ್ ಬಳಸಿ ಬೇಯೇಸಿಯನ್ ನೆಟ್‌ವರ್ಕ್ (ಯಾವ ಅಂಶ ಯಾವುದನ್ನು ಅವಲಂಬಿಸಿದೆ ಎಂಬುದನ್ನು ನೋಡ್ ಮತ್ತು ಬಾಣಗಳಿಂದ ತೋರಿಸುವ ಗ್ರಾಫ್) ಕಟ್ಟುತ್ತಿದ್ದೇನೆ. ಬಾಣಗಳನ್ನು ಒಂದೊಂದಾಗಿ ಬದಲಿಸುತ್ತಾ ಅಂಕ ಹೆಚ್ಚಿಸುವ ಹಿಲ್ ಕ್ಲೈಂಬಿಂಗ್ ವಿಧಾನ, ಗ್ರಾಫ್ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂದು ಅಳೆಯುವ ಬಿಐಸಿ ಸ್ಕೋರ್. ಮೂರು ಕಡೆ ಫಲಿತಾಂಶ ಅರ್ಥವಾಗುತ್ತಿಲ್ಲ. ಮಧುಮೇಹದಿಂದ ಜನನ ತೂಕದ ಕಡೆಗೆ ಬಾಣ ಬಂದಿದೆ. ಆಟೊಆಂಟಿಬಾಡಿ (ದೇಹದ ಸ್ವಂತ ಅಂಶಗಳ ವಿರುದ್ಧವೇ ತಯಾರಾಗುವ ಪ್ರತಿಕಾಯ) ನೋಡ್ ಸೇರಿಸಿದ ಕೂಡಲೇ ಎಚ್‌ಎಲ್‌ಎಯಿಂದ (ರೋಗನಿರೋಧಕ ವ್ಯವಸ್ಥೆಯ ವಂಶವಾಹಿಗಳ ಗುಂಪು) ಮಧುಮೇಹಕ್ಕಿದ್ದ ಬಾಣ ಮಾಯವಾಗುತ್ತದೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಮಧುಮೇಹವಿರುವ ಮಕ್ಕಳಲ್ಲಿ ಹೆಚ್ಚು ಅಪಾಯದ ಡಿಆರ್3/ಡಿಆರ್4 ಜೋಡಿ (ತಂದೆ ತಾಯಿಯರಿಂದ ಒಂದೊಂದು ಬಂದ ಎಚ್‌ಎಲ್‌ಎ ರೂಪಗಳು) ಉಳಿದವರಿಗಿಂತ ಕಡಿಮೆ ಎಂದು ಸಂಭವನೀಯತೆಯ ಕೋಷ್ಟಕ ತೋರಿಸುತ್ತಿದೆ. ವಂಶವಾಹಿಯ ವಿಷಯದಲ್ಲಿ ಇದು ಹೇಗೆ ಸಾಧ್ಯ?

ಉತ್ತರ

ಮೊದಲೆರಡನ್ನು ಬೇಗ ಮುಗಿಸಬಹುದು. ಒಂದೇ ಬಗೆಯ ಸ್ವಾತಂತ್ರ್ಯ ಸಂಬಂಧಗಳನ್ನು (ಯಾವುದು ಯಾವುದನ್ನು ಅವಲಂಬಿಸಿಲ್ಲ ಎಂಬುದನ್ನು) ಹೇಳುವ ಗ್ರಾಫುಗಳಿಗೆಲ್ಲ ಬಿಐಸಿ ಒಂದೇ ಅಂಕ ಕೊಡುವುದರಿಂದ, ಅಂಥಲ್ಲಿ ಬಾಣದ ದಿಕ್ಕನ್ನು ದತ್ತಾಂಶ ತೀರ್ಮಾನಿಸಲಾರದು. ಕಾಲಕ್ರಮವನ್ನು ನೀವೇ ಹೇಳಿಕೊಡಬೇಕು. ದೇಶ, ಎಚ್‌ಎಲ್‌ಎ ಮತ್ತು ಕುಟುಂಬದ ಇತಿಹಾಸ ಮೊದಲ ಸ್ತರದಲ್ಲಿರಲಿ. ಆಮೇಲೆ ಜನನದ ವಿವರಗಳು, ಶೈಶವದ ಆಹಾರ ಮತ್ತು ಸೋಂಕುಗಳು, ಆಟೊಆಂಟಿಬಾಡಿ, ಕೊನೆಗೆ ಮಧುಮೇಹ. ಈ ಸ್ತರಗಳನ್ನು ಟಿಯರ್ಸ್2ಬ್ಲ್ಯಾಕ್‌ಲಿಸ್ಟ್ ಫಂಕ್ಷನ್‌ಗೆ ಕೊಟ್ಟರೆ ಹಿಂದಕ್ಕೆ ಹೋಗುವ ಬಾಣಗಳೆಲ್ಲ ನಿಷಿದ್ಧವಾಗುತ್ತವೆ. ಎಚ್‌ಎಲ್‌ಎಯ ಬಾಣ ಮಾಯವಾಗಿರುವುದು ದೋಷವಲ್ಲ. ಅದರ ಪ್ರಭಾವದ ಬಹುಪಾಲು ಆಟೊಆಂಟಿಬಾಡಿಯ ಮೂಲಕವೇ ಹಾದುಹೋಗುತ್ತದೆ. ನೇರ ಬಾಣವಿಲ್ಲ ಎಂದ ಮಾತ್ರಕ್ಕೆ ಅದು ಅಪಾಯದ ಅಂಶವಲ್ಲ ಎಂದು ದಯವಿಟ್ಟು ಬರೆಯಬೇಡಿ.

ಮೂರನೆಯದು ನಿಜಕ್ಕೂ ಗಮನಿಸಬೇಕಾದ ವಿಷಯ. ಟೆಡ್ಡಿಯವರು ಅಮೆರಿಕ, ಫಿನ್ಲೆಂಡ್, ಜರ್ಮನಿ ಮತ್ತು ಸ್ವೀಡನ್‌ಗಳಲ್ಲಿ 2004ರಿಂದ 2010ರವರೆಗೆ 4 ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಎಚ್‌ಎಲ್‌ಎ ಪರೀಕ್ಷಿಸಿ, 8,676 ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಸಾಮಾನ್ಯ ಕುಟುಂಬದ ಮಗುವಿಗೆ ಡಿಆರ್3/ಡಿಆರ್4, ಡಿಆರ್4/ಡಿಆರ್4 ಮುಂತಾದ ಕೆಲವೇ ಜೋಡಿಗಳಲ್ಲೊಂದು ಇರಲೇಬೇಕಿತ್ತು. ಹತ್ತಿರದ ರಕ್ತಸಂಬಂಧಿಗೆ ಮಧುಮೇಹವಿದ್ದ ಮಗುವಿಗೆ ಮಾತ್ರ ಇನ್ನೂ ಕೆಲವು ಜೋಡಿಗಳಿಗೆ ಅವಕಾಶವಿತ್ತು. ಹೀಗಾಗಿ ಎರಡನೆಯ ಗುಂಪಿನಲ್ಲಿ ಕಡಿಮೆ ಅಪಾಯದ ಜೋಡಿಗಳೂ ಬಂದು ಸೇರಿ, ಡಿಆರ್3/ಡಿಆರ್4 ಪಾಲು ತಗ್ಗಿದಂತೆ ಕಾಣುತ್ತದೆ. ‘ಸೇರ್ಪಡೆ’ ಎಂಬ ನೋಡ್ ಬರೆದು, ಎಚ್‌ಎಲ್‌ಎ ಮತ್ತು ಕುಟುಂಬದ ಇತಿಹಾಸ ಎರಡರಿಂದಲೂ ಅದಕ್ಕೆ ಬಾಣ ಎಳೆದು ನೋಡಿ: ಅದು ಕೊಲೈಡರ್, ಅಂದರೆ ಎರಡು ಬಾಣಗಳು ಬಂದು ಸೇರುವ ನೋಡ್; ಅದರ ಮೌಲ್ಯ ಸ್ಥಿರವಾದರೆ ಆ ಎರಡು ಅಂಶಗಳ ನಡುವೆ ಇಲ್ಲದ ಸಂಬಂಧ ಕಾಣಿಸಿಕೊಳ್ಳುತ್ತದೆ. ನಿಮ್ಮ ಕಡತದಲ್ಲಿರುವವರೆಲ್ಲ ಸೇರ್ಪಡೆಯಾದವರೇ ಆಗಿರುವುದರಿಂದ, ನಿಮಗೆ ತಿಳಿಯದಂತೆಯೇ ಆ ನೋಡ್ ಒಂದೇ ಮೌಲ್ಯಕ್ಕೆ ಸ್ಥಿರವಾಗಿಬಿಟ್ಟಿದೆ.

ಆದ್ದರಿಂದ ಎಚ್‌ಎಲ್‌ಎ ಮತ್ತು ಕುಟುಂಬದ ಇತಿಹಾಸದ ನಡುವಿನ ಬಾಣವನ್ನು ವೈಟ್‌ಲಿಸ್ಟ್ (ಇರಲೇಬೇಕಾದ ಬಾಣಗಳ ಪಟ್ಟಿ) ಮಾಡಿ ಉಳಿಸಿಕೊಳ್ಳಿ, ಆದರೆ ಅದಕ್ಕೆ ಜೈವಿಕ ಅರ್ಥ ಕೊಡಬೇಡಿ. ಆಹಾರದ್ದೋ ಸೋಂಕಿನದ್ದೋ ಪರಿಣಾಮ ಅಳೆಯುವಾಗ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿದರೆ, ಸೇರ್ಪಡೆ ತೆರೆದ ಸುಳ್ಳು ದಾರಿ ಮುಚ್ಚಿಕೊಳ್ಳುತ್ತದೆ.

ಮರುಪ್ರಶ್ನೆ

ತುಂಬಾ ಧನ್ಯವಾದಗಳು. ಸ್ತರಗಳನ್ನು ಹಾಕಿದ ಮೇಲೆ ಗ್ರಾಫ್ ಸರಿಯಾಯಿತು. ಈಗ ಎಂಟೆರೊವೈರಸ್ ಸೋಂಕಿನಿಂದ ಆಟೊಆಂಟಿಬಾಡಿಗೆ ಗಟ್ಟಿಯಾದ ಬಾಣ ಬಂದಿದೆ, ಬೂಟ್‌ಸ್ಟ್ರ್ಯಾಪ್‌ನಲ್ಲೂ (ಅದೇ ದತ್ತಾಂಶದಿಂದ ಮತ್ತೆ ಮತ್ತೆ ಮಾದರಿ ಆಯ್ದು ಗ್ರಾಫ್ ಕಟ್ಟಿ ನೋಡಿದಾಗಲೂ) ಉಳಿಯುತ್ತದೆ. ಇದನ್ನು ನಂಬಬಹುದೇ?

ಉತ್ತರ

ಸೋಂಕಿನ ಕಾಲಂ ಯಾವ ವಯಸ್ಸಿನವರೆಗಿನದು ಎಂಬುದನ್ನು ಮೊದಲು ನೋಡಿ. ಇನ್ಸುಲಿನ್ ವಿರುದ್ಧದ ಆಟೊಆಂಟಿಬಾಡಿ ಅನೇಕ ಮಕ್ಕಳಲ್ಲಿ ಎರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ; ಜಿಎಡಿ ಎಂಬ ಕಿಣ್ವದ ವಿರುದ್ಧದ್ದು ಸಾಮಾನ್ಯವಾಗಿ ತಡವಾಗಿ ಬರುತ್ತದೆ. ನಾಲ್ಕು ವರ್ಷದವರೆಗಿನ ಸೋಂಕುಗಳನ್ನು ಒಂದೇ ಕಾಲಂನಲ್ಲಿ ಕೂಡಿಸಿದ್ದರೆ, ಆಟೊಆಂಟಿಬಾಡಿ ಬಂದ ಮೇಲೆ ತಗುಲಿದ ಸೋಂಕೂ ಕಾರಣದ ಪಟ್ಟಿಗೆ ಸೇರಿಬಿಡುತ್ತದೆ. ಸ್ತರ ಎಂಬುದು ಕಾಲಂಗೆ ಅನ್ವಯಿಸುವ ನಿಯಮ, ಒಂದೊಂದು ಮಗುವಿನ ಕಾಲಕ್ರಮ ಅದಕ್ಕೆ ಗೊತ್ತಿಲ್ಲ. ಬೂಟ್‌ಸ್ಟ್ರ್ಯಾಪ್ ಕೂಡ ಇಂಥ ದೋಷವನ್ನು ಹಿಡಿಯುವುದಿಲ್ಲ, ಅದೇ ತಪ್ಪನ್ನು ಪ್ರತಿ ಸಲವೂ ನಿಷ್ಠೆಯಿಂದ ಪುನರಾವರ್ತಿಸುತ್ತದೆ.

ಒಂದು ವರ್ಷಕ್ಕೆ ಗೆರೆ ಎಳೆಯಿರಿ. ಆ ವಯಸ್ಸಿಗೆ ಆಟೊಆಂಟಿಬಾಡಿ ಇಲ್ಲದ ಮಕ್ಕಳನ್ನು ಮಾತ್ರ ಆಯ್ದುಕೊಂಡು, ಅಲ್ಲಿಯವರೆಗಿನ ಸೋಂಕುಗಳನ್ನಷ್ಟೇ ಎಣಿಸಿ, ನಂತರ ಬರುವ ಆಟೊಆಂಟಿಬಾಡಿಯನ್ನು ಫಲಿತಾಂಶವಾಗಿಟ್ಟುಕೊಳ್ಳಿ; ಇನ್ಸುಲಿನ್ ಮತ್ತು ಜಿಎಡಿಗೆ ಬೇರೆ ಬೇರೆ ನೋಡ್ ಕೊಡಿ. ಆಗಲೂ ಬಾಣ ಉಳಿದರೆ ಮಾತ್ರ ಅದರ ಬಗ್ಗೆ ಮುಂದೆ ಚರ್ಚಿಸೋಣ. ಆ ಗ್ರಾಫನ್ನು ಕೋಷ್ಟಕಗಳ ಸಮೇತ ಇಲ್ಲಿ ಹಾಕಿ.