ಹೊಸ ಲೆದರ್ ಬೂಟು ಕಚ್ಚುತ್ತಿದೆ, ಹಿಗ್ಗಿಸುವುದು ಹೇಗೆ?

ದಾರಿಗುಂಟ:
ಎಲ್ಲರಿಗೂ ನಮಸ್ಕಾರ. ದಪ್ಪ ಲೆದರಿನ, ಕಾಲಿನ ಗಂಟು ಮುಚ್ಚುವಷ್ಟು ಎತ್ತರದ ಬೂಟು ತಗೊಂಡು ಐದು ದಿನ ಆಯಿತು. ತುಂಬಾ ದಿನ ಹಣ ಕೂಡಿಟ್ಟು ಆಸೆಯಿಂದ ತಗೊಂಡಿದ್ದು. ಮೊದಲ ದಿನವೇ ಖುಷಿಯಲ್ಲಿ ನಾಲ್ಕು ಗಂಟೆ ಹಾಕಿಕೊಂಡು ಓಡಾಡಿದೆ, ಸಂಜೆ ಬಿಚ್ಚಿ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ನೀರುಗುಳ್ಳೆ, ಎಡಗಾಲಿನ ಕಿರುಬೆರಳು ಕೆಂಪಗೆ ಊದಿತ್ತು. ನಡೆಯುವಾಗ ಹಿಮ್ಮಡಿ ಒಳಗೇ ಮೇಲೆ ಕೆಳಗೆ ಜಾರುತ್ತದೆ, ಮುಂಭಾಗ ಮಾತ್ರ ಬಿಗಿ. ಒಂದೇ ಬೂಟು ಹಿಂದೆ ಸಡಿಲ, ಮುಂದೆ ಬಿಗಿ ಹೇಗೆ? ನೀರಲ್ಲಿ ನೆನೆಸಿ ಹಾಕಿಕೋ ಅಂತ ಒಬ್ಬರು, ಹೇರ್ ಡ್ರೈಯರ್ ಹಿಡಿ ಅಂತ ಒಬ್ಬರು, ನೀರು ತುಂಬಿದ ಕವರ್ ಒಳಗಿಟ್ಟು ಫ್ರೀಜರ್‌ಗೆ ಹಾಕು ಅಂತ ಇನ್ನೊಬ್ಬರು ಹೇಳುತ್ತಿದ್ದಾರೆ. ಬೂಟು ಹಾಳಾಗಬಾರದು. ಒಂದು ಸೈಜ್ ದೊಡ್ಡದು ತಗೋಬೇಕಿತ್ತಾ?

ರಿಪೇರಿ ಮೇಜು:
ಮೊದಲು ಸೈಜ್ ನೋಡಿಕೊಳ್ಳಿ, ಹಿಗ್ಗಿಸುವ ಮಾತು ಆಮೇಲೆ. ಒಳಗಿನ ಇನ್‌ಸೋಲ್ (ಪಾದದ ಅಡಿಗೆ ಬರುವ ಪದರ) ಬಿಚ್ಚಿ ಬರುವಂಥದ್ದಾದರೆ ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಕೂತು ಅಲ್ಲ, ಪೂರ್ತಿ ಭಾರ ಬಿಟ್ಟು ನಿಲ್ಲಬೇಕು. ಅದೂ ಸಂಜೆ ಹೊತ್ತು, ಯಾಕಂದರೆ ದಿನವಿಡೀ ಓಡಾಡಿದ ಪಾದ ಬೆಳಗ್ಗೆಗಿಂತ ಸ್ವಲ್ಪ ದಪ್ಪ ಆಗಿರುತ್ತದೆ. ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿದರೆ ಉದ್ದ ಸರಿ ಇದೆ. ಬೆರಳು ಅಂಚಿಗೇ ಬಂದಿದ್ದರೆ ಬೂಟು ವಾಪಸ್ ಕೊಡಿ. ಲೆದರ್ ಅಗಲಕ್ಕೆ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಮೂತಿಯಲ್ಲೂ ಹಿಮ್ಮಡಿಯ ಹಿಂದೆಯೂ ಆಕಾರ ಕೆಡದಿರಲಿ ಅಂತ ಗಟ್ಟಿ ಪಟ್ಟಿ ಕೂರಿಸಿರುತ್ತಾರೆ, ಅದು ಜಗ್ಗುವುದಿಲ್ಲ. ಸ್ಟೀಲ್ ಟೋ, ಅಂದರೆ ಮೂತಿಯೊಳಗೆ ಉಕ್ಕಿನ ಕವಚ ಇದ್ದರಂತೂ ಆ ಭಾಗದ ಆಸೆಯನ್ನೇ ಬಿಡಿ.

ಹಿಮ್ಮಡಿ ಜಾರುವುದಕ್ಕೆ ಹೆದರಬೇಡಿ. ಹೊಸ ಅಟ್ಟೆ ಹಲಗೆ ಥರ ಇರುತ್ತದೆ. ಹೆಜ್ಜೆ ಎತ್ತುವಾಗ ನಿಮ್ಮ ಪಾದ ಬಾಗುತ್ತದೆ, ಅಟ್ಟೆ ಬಾಗುವುದಿಲ್ಲ, ಹಾಗಾಗಿ ಹಿಮ್ಮಡಿ ಮೇಲೆ ಎದ್ದುಬಿಡುತ್ತದೆ. ಅರ್ಧ ಸೆಂಟಿಮೀಟರಿನಷ್ಟು ಎದ್ದರೆ ಹೊಸ ಬೂಟಿಗೆ ಅದು ಮಾಮೂಲು, ಅಟ್ಟೆ ಬಾಗಲು ಕಲಿತ ಮೇಲೆ ಕಮ್ಮಿ ಆಗುತ್ತದೆ. ಅಟ್ಟೆಯನ್ನು ಅಂಚಿನ ಸುತ್ತ ಹೊಲಿದ ಬೂಟಾಗಿದ್ದರೆ ಇನ್‌ಸೋಲ್ ಅಡಿಯಲ್ಲಿ ಸಾಮಾನ್ಯವಾಗಿ ಕಾರ್ಕ್ ತುಂಬಿರುತ್ತಾರೆ, ಅದು ನಿಮ್ಮ ಭಾರಕ್ಕೆ ತಗ್ಗಿ ಪಾದದ ಅಚ್ಚು ಹಿಡಿಯಬೇಕು. ಇದಕ್ಕೆಲ್ಲ ವಾರಗಳೇ ಬೇಕು.

ಬೆಟ್ಟದ ಹಾದಿ:
ನಾಲ್ಕು ಗಂಟೆ ಜಾಸ್ತಿ ಆಯಿತು! ಗುಳ್ಳೆ ಪೂರ್ತಿ ಒಣಗುವವರೆಗೆ ಆ ಬೂಟು ಮುಟ್ಟಬೇಡಿ, ಗುಳ್ಳೆ ಒಡೆಯಲೂ ಬೇಡಿ. ಆಮೇಲೆ ಮನೆಯೊಳಗೆ ದಿನಕ್ಕೆ ಒಂದು ಗಂಟೆ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚಿಸಿ. ಸುಮ್ನೆ ಕೂತರೆ ಪಳಗುವುದಿಲ್ಲ, ಮೆಟ್ಟಿಲು ಹತ್ತಿ ಇಳಿಯಿರಿ, ಆಗಲೇ ಅಟ್ಟೆ ಬಾಗುವುದು. ಒಳಗೆ ತೆಳು ಕಾಲುಚೀಲ, ಮೇಲೆ ದಪ್ಪದ್ದು. ಆಗ ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆಯುತ್ತದೆ, ಚರ್ಮಕ್ಕೆ ತಾಗುವುದು ಕಮ್ಮಿ. ದಪ್ಪದ್ದು ಹಾಕಿದಾಗ ಬೆರಳು ಮರಗಟ್ಟಿದರೆ ತೆಗೆದುಬಿಡಿ. ಹಿಮ್ಮಡಿಗೆ ಟೇಪ್ ಅಂಟಿಸಿಕೊಳ್ಳಿ, ಆದರೆ ಬಿಸಿ ಅನ್ನಿಸುವ ಮೊದಲೇ. ಉರಿ ಶುರುವಾದ ಮೇಲೆ ಅಂಟಿಸಿದರೆ ತಡವಾಯಿತು ಅಂತಲೇ ಲೆಕ್ಕ.

ಇನ್ನು ಲೇಸ್. ಪಾದ ಮುಗಿದು ಕಾಲು ಶುರುವಾಗುವ ಮಡಿಕೆ ಇದೆಯಲ್ಲ, ಅಲ್ಲಿ ಎರಡೂ ಎಳೆಗಳನ್ನು ಒಂದರ ಸುತ್ತ ಒಂದು ಎರಡು ಸಲ ಸುತ್ತಿ ಬಿಗಿಯಾಗಿ ಎಳೆಯಿರಿ, ಆಮೇಲೆ ಮೇಲಿನ ಕೊಕ್ಕೆಗಳಿಗೆ ಹೋಗಿ. ಆ ಸುತ್ತು ಬಿಗಿಯನ್ನು ಅಲ್ಲೇ ಹಿಡಿದಿಡುತ್ತದೆ. ಮುಂದೆ ಬೆರಳ ಹತ್ತಿರ ಸಡಿಲ ಬಿಟ್ಟರೂ ಹಿಮ್ಮಡಿ ಹಿಂದಕ್ಕೆ ಕೂತಿರುತ್ತದೆ. ನನ್ನ ಗುಳ್ಳೆಗಳಲ್ಲಿ ಅರ್ಧ ನಿಂತಿದ್ದು ಇದೊಂದರಿಂದಲೇ.

ರಿಪೇರಿ ಮೇಜು:
ನೀರು, ಬಿಸಿ, ಫ್ರೀಜರ್ ಬಗ್ಗೆ ಹೇಳುವುದು ಬಿಟ್ಟೆ. ಮೂರೂ ಬೇಡ. ಒದ್ದೆ ಲೆದರಿಗೆ ಜೋರು ಬಿಸಿ ತಾಗಿದರೆ ನಾರು ಮುದುಡಿ ಗಡುಸಾಗುತ್ತದೆ, ಆಮೇಲೆ ಮಡಿಕೆ ಬೀಳುವ ಕಡೆ ಬಿರಿಯುತ್ತದೆ. ಬಿಸಿಗೆ ಅಟ್ಟೆಯ ಅಂಟೂ ಸಡಿಲ ಆಗಬಹುದು. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಉಬ್ಬುತ್ತದೆ ನಿಜ, ಆದರೆ ನಿಮಗೆ ನೋಯುವ ಜಾಗವನ್ನೇ ಹುಡುಕಿ ತಳ್ಳುವುದಿಲ್ಲ, ಹೊಲಿಗೆಯನ್ನೂ ಎಳೆಯುತ್ತದೆ.

ಕಿರುಬೆರಳಿಗೆ ಹೀಗೆ ಮಾಡಿ. ಕಾಲುಚೀಲದ ಮೇಲೆ, ಗೆಣ್ಣು ಉಬ್ಬಿರುವ ಜಾಗದಲ್ಲಿ ಒಂದು ಚುಕ್ಕೆ ಲಿಪ್‌ಸ್ಟಿಕ್ ಹಚ್ಚಿ. ಬೂಟು ಹಾಕಿ, ನಾಲ್ಕು ಹೆಜ್ಜೆ ನಡೆದು, ಬಿಚ್ಚಿ. ಒಳಗೆ ಗುರುತು ಬಿದ್ದಿರುತ್ತದೆ. ಹಿಗ್ಗಿಸಬೇಕಾದ್ದು ಅಷ್ಟೇ ಜಾಗ, ಒಂದು ಅಂಗಿ ಗುಂಡಿಯಷ್ಟು. ರಿಪೇರಿ ಮಾಡುವವರ ಹತ್ತಿರ ಒಂದು ಕಡೆ ಗುಂಡು, ಇನ್ನೊಂದು ಕಡೆ ಬಳೆ ಇರುವ ಇಕ್ಕಳ ಇರುತ್ತದೆ. ಅಲ್ಲಿ ಸ್ವಲ್ಪ ತೇವ ಮಾಡಿ, ಅದನ್ನು ಬಿಗಿದು ರಾತ್ರಿಯಿಡೀ ಬಿಡುತ್ತಾರೆ. ಮನೆಯಲ್ಲೇ ಮಾಡುವುದಾದರೆ ತಿರುಗಿಸುವ ಮರದ ಅಚ್ಚು ಸಿಗುತ್ತದೆ, ಅದಕ್ಕೆ ಉಬ್ಬು ಬಿಲ್ಲೆ ಸಿಕ್ಕಿಸಬಹುದು. ಬಿಗಿ ಅನ್ನಿಸಿದ ಮೇಲೆ ಅರ್ಧ ಸುತ್ತು ಸಾಕು, ಒಂದು ದಿನ ಬಿಟ್ಟು ಮತ್ತೆ ಅರ್ಧ ಸುತ್ತು. ಲೆದರ್ ಕಂಡೀಷನರ್ ತೆಳುವಾಗಿ ಹಚ್ಚಿ, ಬಣ್ಣ ಕಪ್ಪಾಗುತ್ತದಾ ಅಂತ ಮೊದಲು ಬೂಟಿನ ನಾಲಿಗೆಯ (ಲೇಸ್ ಅಡಿಯ ಪಟ್ಟಿ) ಒಳಮೂಲೆಯಲ್ಲಿ ನೋಡಿಕೊಳ್ಳಿ.

ದಾರಿಗುಂಟ:
ಇನ್‌ಸೋಲ್ ಮೇಲೆ ನಿಂತು ನೋಡಿದೆ. ಮುಂದೆ ಬೆರಳಗಲ ಜಾಗ ಇದೆ, ಆದರೆ ಎಡಗಾಲಿನ ಕಿರುಬೆರಳು ಅಂಚಿನಿಂದ ಆಚೆ ಇಣುಕುತ್ತದೆ. ಲಿಪ್‌ಸ್ಟಿಕ್ ಗುರುತು ಸರಿಯಾಗಿ ಅಲ್ಲೇ ಬಿತ್ತು! ಬಲಗಾಲಿನದ್ದು ಆರಾಮಾಗಿದೆ. ಎಡದ್ದನ್ನು ಮಾತ್ರ ರಿಪೇರಿಯವರಿಗೆ ಕೊಟ್ಟು ಬಂದೆ, ನಾಡಿದ್ದು ಸಿಗುತ್ತದೆ. ಅಷ್ಟರಲ್ಲಿ ಗುಳ್ಳೆ ಒಣಗಿದರೆ ಒಂದು ಗಂಟೆಯಿಂದ ಶುರು ಮಾಡುತ್ತೇನೆ, ಇಬ್ಬರಿಗೂ ತುಂಬಾ ಥ್ಯಾಂಕ್ಸ್.