ಮೀನಿನ ದೋಣಿಯಲ್ಲಿ ಯುದ್ಧಕ್ಕೆ ಹೋದ ಅಪ್ಪ ಎಲ್ಲಿ ಕಾಣೆಯಾದರು?

ಪ್ರಶ್ನೆ (ಗ್ರಿಮ್ಸ್‌ಬಿಯಿಂದ): ನಮಸ್ಕಾರ. ನಾನು ಹಾಸನದ ಕಡೆಯವಳು, ಈಗ ಇಂಗ್ಲೆಂಡಿನ ಗ್ರಿಮ್ಸ್‌ಬಿಯಲ್ಲಿ ನರ್ಸ್. ಪಕ್ಕದ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದಾರೆ. ಅವರಿಗೆ ಏಳು ವರ್ಷವಿದ್ದಾಗ, 1941ರಲ್ಲಿ, ಅಪ್ಪ ಕಡಲಲ್ಲಿ ಕಾಣೆಯಾದರು. ಅವರ ಕಸುಬು ಮೀನು ಹಿಡಿಯುವುದು. ನೌಕಾಪಡೆಯ ಮೀಸಲು ಪಡೆಯಲ್ಲೂ ಹೆಸರಿತ್ತು. ಯುದ್ಧ ಬಂದಾಗ ಟ್ರಾಲರ್ (ಬಲೆ ಎಳೆದು ಮೀನು ಹಿಡಿಯುವ ಹಡಗು) ಒಂದರಲ್ಲಿ ಕಾವಲಿಗೆ ಹಾಕಿದರು. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ತಂತಿ (ಟೆಲಿಗ್ರಾಂ), ಹೆಸರು ಕೆತ್ತದ ಮೂರು ಪದಕ, ಪುಟ್ಟ ಬೆಳ್ಳಿ ಬ್ಯಾಡ್ಜ್, ಮತ್ತೆ ಒಂದು ಚೀಟಿ ಇದೆ. ಚೀಟಿಯಲ್ಲಿ 'ಎಲ್‌ಟಿ/ಎಕ್ಸ್' ಅಂತ ಶುರುವಾಗಿ 'ಎ' ಅಂತ ಮುಗಿಯುವ ನಂಬರ್. ಎಲ್‌ಟಿ ಅಂದರೆ ಲೋಸ್ಟಾಫ್ಟ್ ಊರಿನ ದೋಣಿ ಅಂತ ಮನೆಯವರು ಹೇಳುತ್ತಾರೆ. ಆ ಊರಿನಲ್ಲಿ ಅಪ್ಪನ ಟ್ರಾಲರ್ ಹೆಸರಿನದೇ ದೋಣಿ ಸಿಕ್ಕಿತು, ಆದರೆ ಅದು ಮುಳುಗಿಯೇ ಇಲ್ಲ! ಅಜ್ಜಿ ಕೇಳುವುದು ಒಂದೇ ಮಾತು: "ಯಾವ ಸಮುದ್ರ?" ಹಡಗಿನ ಹೆಸರು ಬರೆಯಲು ಅವರ ಒಪ್ಪಿಗೆ ಇಲ್ಲ, ಕ್ಷಮಿಸಿ.

ಉತ್ತರ: ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ನಾನು ಇಲ್ಲಿ ಹಳೆಯ ದಾಖಲೆ ಹುಡುಕಿಕೊಡುವ ಕೆಲಸದಲ್ಲಿದ್ದೇನೆ. ಈ ಎಲ್‌ಟಿ ಎಷ್ಟೋ ಮನೆಯವರನ್ನು ದಾರಿ ತಪ್ಪಿಸಿದೆ. ಲೋಸ್ಟಾಫ್ಟ್ ಅನ್ನುವುದು ನಿಜ, ಆದರೆ ಅದು ದೋಣಿಯ ಊರಲ್ಲ, ಆ ಮನುಷ್ಯನ ಹುಟ್ಟೂರೂ ಅಲ್ಲ. ಕಾವಲು ಕಾಯುವ ಮತ್ತು ಮೈನ್ (ಕಡಲಲ್ಲಿ ಇಟ್ಟ ಸಿಡಿಗುಂಡು) ಗುಡಿಸುವ ಸಣ್ಣ ಹಡಗುಗಳ ಪಡೆಗೆ ರಾಯಲ್ ನೇವಲ್ ಪೆಟ್ರೋಲ್ ಸರ್ವಿಸ್ ಅಂತ ಹೆಸರು. ಅದರ ಮುಖ್ಯ ಠಾಣೆ ಲೋಸ್ಟಾಫ್ಟ್‌ನ ಸ್ಪ್ಯಾರೋಸ್ ನೆಸ್ಟ್ ಎಂಬ ಉದ್ಯಾನದಲ್ಲಿತ್ತು. ಆ ಠಾಣೆಯ ಪುಸ್ತಕದಲ್ಲಿ ಹೆಸರು ಬಂದವರಿಗೆಲ್ಲ ಎಲ್‌ಟಿ ಬಿತ್ತು. ಹಲ್‌ನವರಿಗೂ ಅದೇ, ಅಬರ್ಡೀನ್‌ನವರಿಗೂ ಅದೇ. ದೋಣಿಯ ಮೈಮೇಲೆ ಬರೆಯುವ ಎಲ್‌ಟಿ ಬೇರೆ, ಅದು ಬಂದರಿನ ನೋಂದಣಿ. ಗ್ರಿಮ್ಸ್‌ಬಿ ದೋಣಿಗಾದರೆ ಜಿವೈ ಅಂತ ಇರುತ್ತದೆ.

ಇನ್ನು ನಂಬರ್. ಎಲ್‌ಟಿ/ಎಕ್ಸ್ ಆಗಿ ಕೊನೆಗೆ ಎ ಇದ್ದರೆ ಅವರು ಮೀಸಲು ಪಡೆಯ ನಾವಿಕರೇ. ಯುದ್ಧಕ್ಕೆಂದೇ ಹೊಸದಾಗಿ ಸೇರಿದವರಿಗೆ ಜೆಎಕ್ಸ್, ಕೆಎಕ್ಸ್ ಬರುತ್ತಿತ್ತು. ಬೆಳ್ಳಿ ಬ್ಯಾಡ್ಜ್‌ನಲ್ಲಿ ಬಲೆ, ಅದರ ಮುಂದೆ ಚೂಪು ಕಬ್ಬಿಣ ಚುಚ್ಚಿದ ಒಂದು ಶಾರ್ಕ್, ಎರಡು ಮೈನ್ ಕಾಣುತ್ತವಾ? ಹಾಗಿದ್ದರೆ ಅದು ಈ ಪಡೆಯದ್ದೇ. ಆರು ತಿಂಗಳು ದುಡಿದವರಿಗೆ ಕೊಡುತ್ತಿದ್ದರು. ಪದಕದ ಮೇಲೆ ಹೆಸರಿಲ್ಲ ಅಂತ ಬೇಜಾರು ಬೇಡ. ಎರಡನೇ ಯುದ್ಧದ ಪದಕಗಳನ್ನು ಬ್ರಿಟನ್ ಹೆಸರು ಕೆತ್ತದೆಯೇ ಕೊಟ್ಟಿತು.

ಮೊದಲು ಮನುಷ್ಯನನ್ನು ಹಿಡಿಯಿರಿ, ಹಡಗು ಆಮೇಲೆ. ಒಂದೇ ಹೆಸರಿನ ಟ್ರಾಲರ್ ಎರಡು ಮೂರು ಇರುವುದು ಮಾಮೂಲಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಆ ನಂಬರ್ ಹಾಕಿ ನೋಡಿ. ದರ್ಜೆ, ಹಡಗು, ತಾರೀಖು, ಸ್ಮಾರಕದ ಫಲಕದ ನಂಬರ್ ಸಿಗುತ್ತವೆ. ಶವ ಸಿಗದವರಾದ್ದರಿಂದ ಅವರ ಹೆಸರು ಲೋಸ್ಟಾಫ್ಟ್‌ನ ಬೆಲ್ ವ್ಯೂ ಪಾರ್ಕ್‌ನಲ್ಲಿರುವ ಸ್ಮಾರಕದ ಮೇಲೆ ಇರಬೇಕು. 1953ರಲ್ಲಿ ಅನಾವರಣಗೊಂಡ ಆ ಕಂಬದ ಬುಡದಲ್ಲಿ 2,385 ಹೆಸರುಗಳಿವೆ. ಕಡಲು ಬಿಟ್ಟರೆ ಬೇರೆ ಸಮಾಧಿ ಇಲ್ಲದವರು ಅಷ್ಟು ಜನ.

ಪ್ರಶ್ನೆ (ಅವರೇ): ಸಿಕ್ಕಿತು! ಹೆಸರು ಇದೆ, ಫಲಕದ ನಂಬರ್ ಇದೆ. ಅಜ್ಜಿ ಫೋನಿನ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಆದರೆ ಜಾಗದ ಬಗ್ಗೆ ಏನೂ ಇಲ್ಲ. ತಾರೀಖು ಕೂಡ ತಂತಿಗಿಂತ ಒಂದು ದಿನ ಆಚೀಚೆ ಇದೆ. ಹಡಗಿನ ದಿನಚರಿ ಪುಸ್ತಕ ಸಿಗುತ್ತದಾ?

ಉತ್ತರ: ದಿನಚರಿಯ ಆಸೆ ಬಿಡಿ. ಮುಳುಗಿದ ದಿನದ ಪುಸ್ತಕ ಹಡಗಿನ ಜೊತೆಗೇ ಹೋಯಿತು. ಸಣ್ಣ ಹಡಗುಗಳ ಹಳೆಯ ಪುಸ್ತಕಗಳನ್ನೂ ಬಹುಪಾಲು ಉಳಿಸಿಕೊಳ್ಳಲಿಲ್ಲ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಬೇರೆ ದಾರಿಗಳಿವೆ. ಎಡಿಎಂ 208 ಎಂಬ ಸರಣಿಗೆ ರೆಡ್ ಲಿಸ್ಟ್ ಅನ್ನುತ್ತಾರೆ. ಬ್ರಿಟನ್ ಸುತ್ತಲಿನ ಸಣ್ಣ ಯುದ್ಧ ಹಡಗುಗಳು ಯಾವ ಬಂದರಿನಲ್ಲಿದ್ದವು ಅಂತ ಅದರಲ್ಲಿದೆ. ಕೊನೆಯ ಕೆಲವು ತಿಂಗಳು ನೋಡಿದರೆ ಹಡಗು ಯಾವ ಕಡಲಿನ ಕಾವಲಿಗಿತ್ತು ಅಂತ ತಿಳಿಯುತ್ತದೆ. ಎಡಿಎಂ 358ರಲ್ಲಿ ಕಾಣೆಯಾದವರ ಬಗ್ಗೆ ನಡೆಸಿದ ವಿಚಾರಣೆಯ ಕಡತಗಳಿವೆ. ನನಗೆ ಅತಿ ಪ್ರಿಯವಾದ ಸರಣಿ ಅದು. ಎಡಿಎಂ 199ರಲ್ಲಿ ಕಾರ್ಯಾಚರಣೆಯ ವರದಿಗಳು. ಅಪ್ಪನ ಸೇವಾ ದಾಖಲೆಗೂ ಅಜ್ಜಿಯ ಹೆಸರಲ್ಲೇ ಅರ್ಜಿ ಹಾಕಿಸಿ, ಹತ್ತಿರದ ವಾರಸುದಾರರು ಅವರೇ ಅಲ್ವಾ?

ತಾರೀಖಿನ ವಿಷಯಕ್ಕೆ ಒಂದು ನಿಜ ಸಂಗತಿ ಹೇಳುತ್ತೇನೆ. ಬೆಡ್‌ಫರ್ಡ್‌ಶೈರ್ ಅಂತ ಒಂದು ಟ್ರಾಲರ್ ಇತ್ತು. 1935ರಲ್ಲಿ ಕಟ್ಟಿದ್ದು. ಮೊದಲು ಮೀನು ಹಿಡಿಯುತ್ತಿತ್ತು, ಆಮೇಲೆ ಜಲಾಂತರ್ಗಾಮಿ ಬೇಟೆಗೆ ಹೊರಟಿತು. 1942ರಲ್ಲಿ ಅಮೆರಿಕದ ಪೂರ್ವ ತೀರದಲ್ಲಿ ಯು-ಬೋಟ್‌ಗಳ, ಅಂದರೆ ಜರ್ಮನ್ ಜಲಾಂತರ್ಗಾಮಿಗಳ ಕಾಟ ಹೆಚ್ಚಾದಾಗ ಬ್ರಿಟನ್ 24 ಟ್ರಾಲರ್‌ಗಳನ್ನು ಅಲ್ಲಿಗೆ ಕಳಿಸಿತು. ಇದೂ ಅದರಲ್ಲಿ ಒಂದು. ಮೇ ತಿಂಗಳಲ್ಲಿ ನಾರ್ತ್ ಕ್ಯಾರೊಲಿನಾ ತೀರದಲ್ಲಿ ಕಾವಲಿಗೆ ಹೋದದ್ದು ತಿರುಗಿ ಬರಲಿಲ್ಲ. ಹಡಗಿನಲ್ಲಿದ್ದ ಯಾರೂ ಉಳಿಯಲಿಲ್ಲ. ಕೆಲವು ದಿನಗಳಾದ ಮೇಲೆ ಓಕ್ರಕೋಕ್ ದ್ವೀಪದ ದಡಕ್ಕೆ ಶವಗಳು ಬಂದವು. ನಾಲ್ವರನ್ನು ಅಲ್ಲೇ ಮಣ್ಣು ಮಾಡಿದರು, ಇಬ್ಬರ ಗುರುತು ಸಿಗಲೇ ಇಲ್ಲ. ದ್ವೀಪದವರು ಇವತ್ತಿಗೂ ಪ್ರತಿ ಮೇ ತಿಂಗಳಲ್ಲಿ ಅಲ್ಲಿ ಸೇರಿ ಗೌರವ ಸಲ್ಲಿಸುತ್ತಾರೆ.

ಹೊಡೆದದ್ದು ಯಾರು ಅಂತ ಗೊತ್ತಾದದ್ದು ಶತ್ರುವಿನ ದಿನಚರಿಯಿಂದ. ಯು-558ರ ಪುಸ್ತಕದಲ್ಲಿ ಆ ಟಾರ್ಪಿಡೊ ಲೆಕ್ಕ ಇದೆ. ಜರ್ಮನ್ ಗಡಿಯಾರದಲ್ಲಿ ಅದು 12ರ ಬೆಳಗಿನ ಜಾವ. ಅಮೆರಿಕದ ತೀರದಲ್ಲಿ ಇನ್ನೂ 11ರ ರಾತ್ರಿ. ಅದಕ್ಕೇ ಎರಡು ತಾರೀಖು. ನಿಮ್ಮ ಅಜ್ಜಿಯ ವಿಷಯದಲ್ಲಿ ಗಡಿಯಾರದ ವ್ಯತ್ಯಾಸವೇ ಆಗಬೇಕಿಲ್ಲ. ಹಡಗು ಬರಬೇಕಾದ ದಿನ ಬಾರದಿದ್ದರೆ ಅದನ್ನೇ ಸಾವಿನ ದಿನ ಅಂತ ಬರೆದಿರಬಹುದು. ಹಾಗಾಗಿ ಒಂದು ವಾರ ಹಿಂದೆ, ಒಂದು ವಾರ ಮುಂದೆ ನೋಡಿ. ಮೈನ್ ಅಥವಾ ವಿಮಾನದಿಂದ ಮುಳುಗಿದ್ದರೆ ಯು-ಬೋಟ್ ಪುಸ್ತಕದಲ್ಲಿ ಏನೂ ಇರುವುದಿಲ್ಲ, ಅದೂ ನೆನಪಿರಲಿ.

ಪ್ರಶ್ನೆ (ಅಬರ್ಡೀನ್‌ನಿಂದ): ನನ್ನ ಹೆಂಡತಿಯ ಮುತ್ತಜ್ಜ ಮೊದಲನೇ ಯುದ್ಧದಲ್ಲಿ ಇಂಥದ್ದೇ ದೋಣಿಯಲ್ಲಿ ಹೋದವರು. ದಾರಿ ಇದೇನಾ?

ಉತ್ತರ: ಸ್ವಲ್ಪ ಬೇರೆ, ಆದರೆ ಸುಲಭ. ಆ ಕಾಲದ ಮೀಸಲು ನಾವಿಕರ ಸೇವಾ ಕಾರ್ಡ್‌ಗಳು ಅದೇ ಕ್ಯೂ ಭಂಡಾರದ ಬಿಟಿ 377 ಸರಣಿಯಲ್ಲಿವೆ. ಪದಕದ ಅಂಚಿನಲ್ಲೇ ಹೆಸರು, ನಂಬರ್ ಕೆತ್ತಿರುತ್ತದೆ. ನಂಬರಿನ ಅಕ್ಷರಗಳು ಕೆಲಸವನ್ನೇ ಹೇಳುತ್ತವೆ. ಡಿಎ ಅಂದರೆ ಡೆಕ್ಕಿನ ಆಳು, ಇಎಸ್ ಎಂಜಿನ್ ನೋಡುವವನು, ಟಿಎಸ್ ಕಲ್ಲಿದ್ದಲು ಎತ್ತಿ ಹಾಕುವವನು. ಸ್ಕಾಟ್‌ಲೆಂಡಿನವರು ಅಂದಮಾತ್ರಕ್ಕೆ ಉತ್ತರ ಸಮುದ್ರದಲ್ಲೇ ಹೋದರು ಅಂದುಕೊಳ್ಳಬೇಡಿ. 1917ರ ಮೇ 15ರಂದು ಇಟಲಿಯ ಆಚೆ ಒಟ್ರಾಂಟೊ ಜಲಸಂಧಿಯಲ್ಲಿ ಜಲಾಂತರ್ಗಾಮಿ ತಡೆಯುವ ಬಲೆ ಕಾಯುತ್ತಿದ್ದ 47 ಡ್ರಿಫ್ಟರ್‌ಗಳ (ಬಲೆ ತೇಲಿಬಿಟ್ಟು ಮೀನು ಹಿಡಿಯುವ ದೋಣಿಗಳು) ಮೇಲೆ ಆಸ್ಟ್ರಿಯಾದ ಕ್ರೂಸರ್‌ಗಳು ಬಿದ್ದವು. 14 ಮುಳುಗಿದವು, 72 ಜನ ಸೆರೆಯಾದರು.

ಪ್ರಶ್ನೆ (ಕುಮಟಾದಿಂದ): ನಮ್ಮ ಕಡಲ ತೀರದಿಂದಲೂ ಹಡಗಿಗೆ ಹೋಗಿ ಕಾಣೆಯಾದವರಿದ್ದಾರೆ. ಅವರ ಹೆಸರು ಎಲ್ಲಾದರೂ ಇದೆಯಾ?

ಉತ್ತರ: ಇದೆ. ಎರಡನೇ ಯುದ್ಧದಲ್ಲಿ ಕಡಲಲ್ಲಿ ಹೋದ ಅವಿಭಜಿತ ಭಾರತದ ನಾವಿಕರಿಗೆ ಬಾಂಬೆ 1939-1945 ಸ್ಮಾರಕ ಅಂತ ಇದೆ. ಆರು ಸಾವಿರಕ್ಕೂ ಜಾಸ್ತಿ ಹೆಸರು. ಅವು ಕಲ್ಲಿನ ಮೇಲಿಲ್ಲ, ಪುಸ್ತಕದಲ್ಲಿವೆ. ಒಂದು ಮುಂಬೈಯಲ್ಲಿ, ಇನ್ನೊಂದು ಚಿತ್ತಗಾಂಗ್‌ನಲ್ಲಿ. ಸರಕು ಹಡಗಿನವರೇ ಅದರಲ್ಲಿ ಹೆಚ್ಚು. ಅದೇ ಆಯೋಗದ ಜಾಲತಾಣದಲ್ಲಿ ಹುಡುಕಿ. ಇಂಗ್ಲಿಷಿನಲ್ಲಿ ಬರೆದವರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾರೆ, ಹಾಗಾಗಿ ನಾಲ್ಕೈದು ಕಾಗುಣಿತ ಹಾಕಿ ನೋಡಬೇಕು. ಹಡಗಿನ ಹೆಸರು ಗೊತ್ತಿದ್ದರೆ ಅದರಿಂದಲೇ ಶುರು ಮಾಡಿ.

ಪ್ರಶ್ನೆ (ಗ್ರಿಮ್ಸ್‌ಬಿಯವರೇ): ನೀವು ಹೇಳಿದ ರೆಡ್ ಲಿಸ್ಟ್‌ನ ಪ್ರತಿ ತರಿಸಿದೆವು. ಕೊನೆಯ ವಾರಗಳಲ್ಲಿ ಹಡಗು ಹಾರ್ವಿಚ್ ಬಂದರಿನ ಲೆಕ್ಕದಲ್ಲಿತ್ತು. ಅಂದರೆ ಇದೇ ಪೂರ್ವ ತೀರ! ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾವು ಬೇಸಿಗೆಯಲ್ಲಿ ಆಟ ಆಡಿದ್ದು ಅದೇ ನೀರಲ್ಲಿ" ಅಂದರು. ಈಗ ಲೋಸ್ಟಾಫ್ಟ್‌ಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಾರೆ.

ಉತ್ತರ: ಓದಿ ಕಣ್ಣು ತುಂಬಿತು. ಖಂಡಿತ ಕರೆದುಕೊಂಡು ಹೋಗಿ. ಫಲಕದ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ, ಅಷ್ಟು ಹೆಸರಿನ ನಡುವೆ ಅಜ್ಜಿಯನ್ನು ನಿಲ್ಲಿಸಿ ಹುಡುಕಿಸಬೇಡಿ. ಪಕ್ಕದ ಸ್ಪ್ಯಾರೋಸ್ ನೆಸ್ಟ್‌ನಲ್ಲಿ ಈ ಪಡೆಯದ್ದೇ ಮ್ಯೂಸಿಯಂ ಇದೆ. ವರ್ಷವಿಡೀ ತೆರೆದಿರುವುದಿಲ್ಲ, ಮೊದಲೇ ಫೋನ್ ಮಾಡಿ. ಬೆಳ್ಳಿ ಬ್ಯಾಡ್ಜ್ ಅಜ್ಜಿಯ ಕೋಟಿಗೆ ಸಿಕ್ಕಿಸಿ. ಅಲ್ಲಿನವರಿಗೆ ಅದನ್ನು ನೋಡಿದರೆ ಸಾಕು.