ಪಾಸ್‌ವರ್ಡ್ ಸರಿಯಿದ್ದರೂ ಅಪಾಚೆ ಮತ್ತೆ ಮತ್ತೆ ಲಾಗಿನ್ ಕೇಳುತ್ತಿದೆ, ಗ್ರೂಪ್‌ನಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ

ಪ್ರಶ್ನೆ:
ಡೆಬಿಯನ್ ಲಿನಕ್ಸ್, ಅಪಾಚೆ 2.4 ವೆಬ್ ಸರ್ವರ್. ಒಂದು ಫೋಲ್ಡರ್‌ಗೆ ಬೇಸಿಕ್ ಅಥೆಂಟಿಕೇಶನ್ (ಹೆಸರು, ಪಾಸ್‌ವರ್ಡ್ ಕೇಳುವ ವ್ಯವಸ್ಥೆ) ಹಾಕಿ 'ರಿಕ್ವೈರ್ ಗ್ರೂಪ್ ಎಡಿಟರ್ಸ್' ಅಂತ ಬರೆದಿದ್ದೇನೆ. ಗ್ರೂಪ್‌ನಲ್ಲಿ ಮೂವರು. ಕಿರಣ್ ಒಳಗೆ ಹೋಗುತ್ತಾರೆ, ರವಿ ಮತ್ತು ಸುಮಾಗೆ ಪಾಸ್‌ವರ್ಡ್ ಕೇಳುವ ಡಬ್ಬಿ ಮತ್ತೆ ಮತ್ತೆ ಬರುತ್ತದೆ. ಇಬ್ಬರ ಪಾಸ್‌ವರ್ಡ್ ಎರಡೆರಡು ಸಲ ಬದಲಿಸಿದ್ದಾಯಿತು. ಲಿನಕ್ಸ್‌ನಲ್ಲೂ ಅದೇ ಹೆಸರಿನ ಗ್ರೂಪ್ ಮಾಡಿ ಸೇರಿಸಿದೆ. ಪ್ರಯೋಜನವಿಲ್ಲ.

ಉತ್ತರ 1:
ಪಾಸ್‌ವರ್ಡ್ ಬದಲಿಸುವುದನ್ನು ಮೊದಲು ನಿಲ್ಲಿಸಿ. ಗ್ರೂಪ್‌ನಲ್ಲಿ ಇಲ್ಲದವರಿಗೂ ಅಪಾಚೆ ಕೊಡುವುದು 401 (ಲಾಗಿನ್ ಆಗಿ), 403 (ಪ್ರವೇಶವಿಲ್ಲ) ಅಲ್ಲ. 401 ಬಂದರೆ ಬ್ರೌಸರ್ ಮತ್ತೆ ಡಬ್ಬಿ ತೆರೆಯುತ್ತದೆ, ಹಾಗಾಗಿ ಪಾಸ್‌ವರ್ಡೇ ತಪ್ಪು ಅನ್ನಿಸುತ್ತದೆ. ಎರರ್ ಲಾಗ್‌ನಲ್ಲಿ (ಅಪಾಚೆ ದೋಷಗಳನ್ನು ಬರೆದಿಡುವ ಫೈಲ್) ಯಾವ ಕೋಡ್ ಇದೆ ನೋಡಿ. ಎಎಚ್01618 ಇದ್ದರೆ ಪಾಸ್‌ವರ್ಡ್ ಫೈಲ್‌ನಲ್ಲಿ ಆ ಹೆಸರೇ ಇಲ್ಲ (ಆ ಫೈಲ್‌ಗೆ ಹೆಸರು ಸೇರಿಸುವ ಎಚ್‌ಟಿಪಾಸ್‌ಡಬ್ಲ್ಯೂಡಿ ಕಮಾಂಡಿಗೆ ಪ್ರತಿ ಸಲವೂ, ಫೈಲನ್ನು ಹೊಸದಾಗಿ ಮಾಡುವ 'ಮೈನಸ್ ಸಿ' ಕೊಟ್ಟು ಹಳಬರನ್ನೆಲ್ಲ ಅಳಿಸಿಕೊಳ್ಳುವವರು ಬಹಳ). ಎಎಚ್01617 ಇದ್ದರೆ ಪಾಸ್‌ವರ್ಡ್ ತಪ್ಪು. ಎಎಚ್01631 ಇದ್ದರೆ ಪಾಸ್‌ವರ್ಡ್ ಸರಿ, ಅನುಮತಿ ಇಲ್ಲ.

ಲಿನಕ್ಸ್ ಗ್ರೂಪ್‌ಗೂ ಇದಕ್ಕೂ ಸಂಬಂಧವಿಲ್ಲ. 'ಆಥ್‌ಗ್ರೂಪ್‌ಫೈಲ್' ಸಾಲಿನಲ್ಲಿ ಕೊಟ್ಟ ಫೈಲನ್ನಷ್ಟೇ ಅಪಾಚೆ ಓದುತ್ತದೆ.

ಪ್ರಶ್ನೆ ಕೇಳಿದವರು:
ಎಎಚ್01631 ಬರುತ್ತಿದೆ. ಗ್ರೂಪ್ ಫೈಲ್ ಓದುವ ಅಪಾಚೆ ಮಾಡ್ಯೂಲ್ ಎನೇಬಲ್ ಆಗಿಲ್ಲವೇನೋ? ಜೊತೆಗೆ 'ರಿಕ್ವೈರ್ ವ್ಯಾಲಿಡ್-ಯೂಸರ್' ಸೇರಿಸಿದರೆ ಮೂವರೂ ಒಳಗೆ ಹೋಗುತ್ತಾರೆ. ಗ್ರೂಪ್ ಫೈಲ್‌ನಲ್ಲಿರುವುದು ಇದೊಂದೇ ಸಾಲು:

ಎಡಿಟರ್ಸ್: ರವಿ, ಸುಮಾ, ಕಿರಣ್

ಉತ್ತರ 2:
ಅಲ್ಪವಿರಾಮ ತೆಗೆಯಿರಿ. ಈ ಫೈಲ್‌ನಲ್ಲಿ ಹೆಸರುಗಳನ್ನು ಬೇರ್ಪಡಿಸುವುದು ಖಾಲಿ ಜಾಗ ಮಾತ್ರ. ಹೀಗಾಗಿ ಅಪಾಚೆ ಓದಿಕೊಂಡದ್ದು 'ರವಿ,' ಮತ್ತು 'ಸುಮಾ,' ಅಂತ, ಬಾಲ ಸಮೇತ. ಆ ಹೆಸರಿನ ಯೂಸರ್‌ಗಳು ಯಾರೂ ಇಲ್ಲ. ಕೊನೆಯ ಹೆಸರಿಗೆ ಬಾಲವಿಲ್ಲ, ಕಿರಣ್ ಪಾರಾದರು. ಸರಿಯಾದ ಸಾಲು:

ಎಡಿಟರ್ಸ್: ರವಿ ಸುಮಾ ಕಿರಣ್

ಮಾಡ್ಯೂಲ್ ಇಲ್ಲದಿದ್ದರೆ ಕಿರಣ್‌ಗೂ ದಾರಿ ಸಿಗುತ್ತಿರಲಿಲ್ಲ: 'ರಿಕ್ವೈರ್ ಗ್ರೂಪ್' ಮುಖ್ಯ ಕಾನ್ಫಿಗ್‌ನಲ್ಲಿದ್ದರೆ ಕಾನ್ಫಿಗ್‌ಟೆಸ್ಟ್ (ಸೆಟ್ಟಿಂಗ್ ಪರೀಕ್ಷೆ) ಫೇಲ್ ಆಗುತ್ತದೆ, ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿದ್ದರೆ (ಆಯಾ ಫೋಲ್ಡರ್‌ನೊಳಗಿನ ಸೆಟ್ಟಿಂಗ್ ಫೈಲ್) 500, ಅಂದರೆ ಸರ್ವರ್ ದೋಷ ಬರುತ್ತದೆ. ಫೈಲ್ ಓದಲು ಪರ್ಮಿಶನ್ ಇಲ್ಲದಿದ್ದರೂ ಮೂವರೂ ಹೊರಗೇ.

ಉತ್ತರ 1:
ಆ ವ್ಯಾಲಿಡ್-ಯೂಸರ್ ಸಾಲನ್ನು ಮರೆಯದೆ ತೆಗೆದುಹಾಕಿ. 2.4ರಲ್ಲಿ ರಿಕ್ವೈರ್ ಸಾಲುಗಳನ್ನು ಸುಮ್ಮನೆ ಒಂದರ ಕೆಳಗೊಂದು ಬರೆದರೆ ಯಾವುದಾದರೂ ಒಂದು ಒಪ್ಪಿದರೆ ಸಾಕು, ಎರಡೂ ಬೇಕಿಲ್ಲ. ಅದು ಉಳಿದರೆ ಪಾಸ್‌ವರ್ಡ್ ಫೈಲ್‌ನಲ್ಲಿರುವ ಪ್ರತಿಯೊಬ್ಬರೂ ಒಳಗೆ ಬರುತ್ತಾರೆ, ಗ್ರೂಪ್ ಇದ್ದೂ ಇಲ್ಲದಂತೆ.

ಪ್ರಶ್ನೆ ಕೇಳಿದವರು:
ಆಯಿತು ಸರ್, ಮೂವರೂ ಒಳಗೆ. ಗ್ರೂಪ್ ಫೈಲ್ ತಿದ್ದಿದಾಗಲೆಲ್ಲ ರೀಸ್ಟಾರ್ಟ್ ಬೇಕೇ? 401 ಬದಲು 403 ಬರಿಸಬಹುದೇ?

ಉತ್ತರ 2:
ರೀಸ್ಟಾರ್ಟ್ ಬೇಡ. 403 ಬೇಕಿದ್ದರೆ 'ಆಥ್‌ಜೀ‌ಸೆಂಡ್‌ಫರ್ಬಿಡನ್‌ಆನ್‌ಫೇಲ್ಯೂರ್ ಆನ್' ಹಾಕಿ. ಆದರೆ ಪಾಸ್‌ವರ್ಡ್ ಊಹಿಸುತ್ತಾ ಕೂತವನಿಗೆ 403 ಕಂಡರೆ 'ಊಹೆ ಸರಿಯಾಯಿತು' ಎಂದು ನೀವೇ ಹೇಳಿಕೊಟ್ಟಂತೆ. ಹೊರಗಿನವರಿಗೂ ತೆರೆದಿರುವ ಸರ್ವರ್ ಆದರೆ ನಾನಂತೂ ಹಾಕುವುದಿಲ್ಲ.